ಮೊದಲು ಥರ್ಮೋಸ್ಟ್ಯಾಟ್ ವಾಪಸ್ ಹಾಕಿಸಿ

ಸರ್, ನೀವು ಬರೆದದ್ದು ಇಷ್ಟು. ಹಳೇ ಸಣ್ಣ ಕಾರು. ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತಿತ್ತು. ರಿಸರ್ವ್ ಬಾಟಲಿಗೆ ಆಗಾಗ ನೀರು ಹಾಕಬೇಕಿತ್ತು, ಸೋರೋದು ಮಾತ್ರ ಎಲ್ಲೂ ಕಾಣುತ್ತಿಲ್ಲ. ಮೆಕ್ಯಾನಿಕ್ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಕಿತ್ತು, ಫ್ಯಾನ್ ಯಾವಾಗಲೂ ತಿರುಗುವಂತೆ ಡೈರೆಕ್ಟ್ ಮಾಡಿಕೊಟ್ಟರು. ಈಗ ಮುಳ್ಳು ಕೆಳಗೇ ಇದೆ, ಸಮಸ್ಯೆ ಮುಗೀತು ಅಲ್ವಾ ಅಂತ ಕೇಳಿದ್ದೀರಿ. ಇದೇ ಚರ್ಚೆಯಲ್ಲಿ ಮೇಲೆ ಕೆಲವರು ಶಭಾಷ್ ಅಂತಲೂ ಹೇಳಿದ್ದಾರೆ.

ಮುಗಿದಿಲ್ಲ ಸರ್. ನೀರು ಎಲ್ಲಿಗೆ ಹೋಗುತ್ತಿದೆ ಅನ್ನೋದೇ ಇನ್ನೂ ಗೊತ್ತಿಲ್ಲವಲ್ಲ? ಥರ್ಮೋಸ್ಟ್ಯಾಟ್ ಯಾವಾಗ ತೆರೆಯಿತು, ಫ್ಯಾನ್ ಯಾವಾಗ ತಿರುಗಿತು ಅನ್ನೋದರಿಂದಲೇ ಅರ್ಧ ದೋಷ ಗೊತ್ತಾಗೋದು. ಆ ಎರಡನ್ನೂ ತೆಗೆದು ಹಾಕಿದ ಮೇಲೆ ಯಾವ ಪರೀಕ್ಷೆ ಮಾಡಿದರೂ ಸರಿಯಾದ ಉತ್ತರ ಸಿಗುವುದಿಲ್ಲ.

ನಾನೂ ಒಂದು ಕಾಲದಲ್ಲಿ ಹೀಗೇ ಓಡಿಸಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಥರ್ಮೋಸ್ಟ್ಯಾಟ್ ಇರಲಿಲ್ಲ, ಮುಳ್ಳು ಕಾಲು ಭಾಗ ದಾಟುತ್ತಿರಲಿಲ್ಲ. ಒಂದು ಉದ್ದನೆಯ ಏರಿನಲ್ಲಿ ಅದು ನಿಧಾನವಾಗಿ ಮೇಲೆ ಬಂತು, ಮುಕ್ಕಾಲು ದಾಟಿತು, ಆಮೇಲೆ ಇದ್ದಕ್ಕಿದ್ದಂತೆ ಕೆಳಗೆ ಬಿತ್ತು. ಗಾಳಿ ಬಿತ್ತು, ತಣ್ಣಗಾಯಿತು ಅಂದುಕೊಂಡು ಮುಂದೆ ಹೋದೆ. ನಿಜವಾಗಿ ಆಗಿದ್ದು ಬೇರೆ. ನೀರು ಇಳಿದು ಸೆನ್ಸರ್ ಒಣಗಿತ್ತು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನೀರಿನ ಬಿಸಿ ಹೇಳುತ್ತದೆ. ಸುತ್ತ ಬರೀ ಗಾಳಿ ಇದ್ದರೆ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಆರಾಮಾಗಿ ಕೆಳಗೆ ಕೂತಿರುತ್ತದೆ. ನನಗೆ ಮೊದಲು ಗೊತ್ತಾಗಿದ್ದು ಸದ್ದಿನಿಂದ. ಆಕ್ಸಿಲರೇಟರ್ ಒತ್ತಿದರೆ ನಾಕಿಂಗ್, ಪಿಕಪ್ ಸತ್ತೇ ಹೋಗಿತ್ತು. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿಚ್ಚಿ ನೇರ ಪಟ್ಟಿ, ಅಂದರೆ ಸ್ಟ್ರೇಟ್ ಎಡ್ಜ್ ಇಟ್ಟರೆ ಎರಡು ಸಿಲಿಂಡರ್ ನಡುವೆ ಸಂದು ಅಳೆಯುವ ಫೀಲರ್ ಗೇಜ್ ಸಲೀಸಾಗಿ ಒಳಗೆ ಹೋಯಿತು. ಅಲ್ಯೂಮಿನಿಯಂ ಹೆಡ್, ಬೆಂಡ್ ಆಗಿತ್ತು. ಇಷ್ಟೆಲ್ಲ ಆಗಿದ್ದು ರೇಡಿಯೇಟರ್ ಕ್ಯಾಪ್‌ನ ಕೆಳಗಿನ ರಬ್ಬರ್‌ನಿಂದ. ಅಂಚಿಗೆ ಉಗುರು ಹಾಕಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಥರ್ಮೋಸ್ಟ್ಯಾಟ್ ಜಾಗದಲ್ಲಿ ಇದ್ದಿದ್ದರೆ ಮುಳ್ಳು ಊರೊಳಗೇ ಏರಿಳಿದು ಎಚ್ಚರಿಸುತ್ತಿತ್ತು. ಅದು ಇಲ್ಲದ್ದರಿಂದ ಕೊನೆಯವರೆಗೂ ಎಲ್ಲ ಸರಿ ಇದೆ ಅನ್ನಿಸುತ್ತಿತ್ತು.

ಹಾಗಾಗಿ ಕ್ಯಾಪ್‌ನಿಂದ ಶುರು ಮಾಡಿ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ತೆಗೆಯಿರಿ. ಬಟ್ಟೆ ಹಿಡಿದು ಸ್ವಲ್ಪ ತಿರುಗಿಸಿ ಪ್ರೆಷರ್ ಬಿಡುತ್ತೇನೆ ಅಂತ ಹೋಗಿ ಮೊಣಕೈವರೆಗೆ ಸುಟ್ಟುಕೊಂಡವರನ್ನು ನೋಡಿದ್ದೇನೆ. ಕ್ಯಾಪ್ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ಅದು ಬಾರ್ ಲೆಕ್ಕ. 0.9 ಬಾರ್ ಒತ್ತಡ ಹಿಡಿದಿದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ರಬ್ಬರ್ ಹೋದರೆ 100ರ ಹತ್ತಿರವೇ ಕುದಿದು ಬಾಟಲಿಗೆ ಉಕ್ಕುತ್ತದೆ, ಅಲ್ಲಿಂದ ಹೊರಗೆ ಹೋಗುತ್ತದೆ. ಓಡುವಾಗ ಹೋಗೋದರಿಂದ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಕಾಣುವುದಿಲ್ಲ. ನಿಮ್ಮ "ಕಾಣದ ಸೋರಿಕೆ" ಇದೇ ಇರಬಹುದು.

ಕ್ಯಾಪ್ ಮಧ್ಯದಲ್ಲಿ ಇನ್ನೊಂದು ಪುಟ್ಟ ವಾಲ್ವ್ ಇದೆ. ಎಂಜಿನ್ ತಣ್ಣಗಾಗುವಾಗ ಬಾಟಲಿಯ ನೀರನ್ನು ವಾಪಸ್ ಎಳೆದುಕೊಳ್ಳೋದು ಅದರ ಕೆಲಸ. ಅದು ಅಂಟಿಕೊಂಡರೆ ಬೆಳಗ್ಗೆ ನೋಡಿದಾಗ ಮೇಲಿನ ಹೋಸ್ ಚಪ್ಪಟೆಯಾಗಿರುತ್ತದೆ. ಉಗುರಿನಿಂದ ಎತ್ತಿ ನೋಡಿ, ಎದ್ದು ತಾನಾಗಿ ಕೂರಬೇಕು. ಬಾಟಲಿಗೆ ಹೋಗುವ ಸಣ್ಣ ಪೈಪ್ ಸೀಳಿದ್ದರೂ, ಅದರ ತುದಿ ನೀರಿನಲ್ಲಿ ಮುಳುಗಿಲ್ಲದಿದ್ದರೂ ವಾಪಸ್ ಬರೋದು ಬರೀ ಗಾಳಿ. ಆಗ ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ ಇರುತ್ತದೆ. ದಯವಿಟ್ಟು ಬಾಟಲಿ ನೋಡಿ "ನೀರಿದೆ" ಅನ್ನಬೇಡಿ. ತಣ್ಣಗಿದ್ದಾಗ ರೇಡಿಯೇಟರ್ ಬಾಯಿಯಲ್ಲೇ ನೋಡಿ. ರೇಡಿಯೇಟರ್ ಮೇಲೆ ಕ್ಯಾಪ್ ಇಲ್ಲದೆ ಬಾಟಲಿಗೇ ಪ್ರೆಷರ್ ಕ್ಯಾಪ್ ಇರುವ ಗಾಡಿಯಾದರೆ ಲೆಕ್ಕ ಬೇರೆ, ಅಲ್ಲಿ ಬಾಟಲಿಯ ಗುರುತೇ ಪ್ರಮಾಣ.

ಇನ್ನೊಂದು ಮಾತು. 0.9 ಇದ್ದ ಕಡೆ ಇನ್ನೂ ಸ್ಟ್ರಾಂಗ್ ಇರಲಿ ಅಂತ 1.3 ಹಾಕಬೇಡಿ. ಹಳೇ ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಡುತ್ತದೆ, ಇಲ್ಲದಿದ್ದರೆ ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಒಳಗಿನ ಸಣ್ಣ ರೇಡಿಯೇಟರ್) ಸೋರುತ್ತದೆ.

ಈಗ ಥರ್ಮೋಸ್ಟ್ಯಾಟ್. "ನಮ್ಮ ಹವೆಗೆ ಅದು ಬೇಡ" ಅನ್ನೋ ಮಾತನ್ನು ಯಾರು ಹುಟ್ಟಿಸಿದರೋ ಗೊತ್ತಿಲ್ಲ, ಸುಮ್ನೆ ಎಲ್ಲರೂ ಹೇಳುತ್ತಾರೆ. ಎಂಜಿನ್ ಬಿಸಿಯಾಗದೆ ಓಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸುಡದ ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟ್ಯಾಟ್ ತೆರೆದಾಗ ಅದರ ಕೆಳಗಿನ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥ ಗಾಡಿಯಲ್ಲಿ ಅದನ್ನು ಕಿತ್ತರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಬಿಸಿ ನೀರಿನಲ್ಲಿ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತದೆ. ಅಂದರೆ ಊರೊಳಗೆ ತಣ್ಣಗೆ, ಏರಿನಲ್ಲಿ ಓವರ್‌ಹೀಟ್. ತಣ್ಣಗಾಗಲಿ ಅಂತ ಕಿತ್ತಿದ್ದಕ್ಕೆ ಇದು ಫಲ.

ಹೊಸದನ್ನೂ ಪರೀಕ್ಷೆ ಮಾಡದೆ ಹಾಕಬೇಡಿ. 82 ಅಥವಾ 88 ಅಂತ ಅದರ ಮೇಲೆ ಒತ್ತಿರುತ್ತದೆ. ಅದರ ವಾಲ್ವ್ ಅನ್ನು ಸ್ವಲ್ಪ ಬಿಡಿಸಿ ಒಂದು ದಾರ ಸಿಕ್ಕಿಸಿ, ದಾರ ಹಿಡಿದು ಒಲೆಯ ಮೇಲಿನ ಪಾತ್ರೆಯ ನೀರಿನಲ್ಲಿ ತೇಲಾಡಿಸಿ. ತಳಕ್ಕೆ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ, ಜ್ವರ ನೋಡೋದಲ್ಲ, ಅಡುಗೆಯದ್ದು. ತೆರೆಯಲು ಶುರುವಾದ ಕೂಡಲೇ ದಾರ ಬಿಟ್ಟು ಅದು ಕೆಳಗೆ ಬೀಳುತ್ತದೆ. ಆ ಕ್ಷಣದ ಡಿಗ್ರಿ ನೋಡಿಕೊಳ್ಳಿ. ಬರೆದದ್ದಕ್ಕಿಂತ ಒಂದೆರಡು ಡಿಗ್ರಿ ಆಚೀಚೆ ಇದ್ದರೆ ಸರಿ. ಕುದಿಯೋವರೆಗೂ ಬೀಳದಿದ್ದರೆ ಅಂಗಡಿಗೆ ವಾಪಸ್ ಕೊಡಿ. ಹಾಕುವಾಗ ಸ್ಪ್ರಿಂಗ್ ಎಂಜಿನ್ ಕಡೆಗೆ, ಜೋತಾಡುವ ಸಣ್ಣ ಪಿನ್ ಮೇಲಕ್ಕೆ. ಆ ಪಿನ್ ಇರೋದೇ ಗಾಳಿ ಹೋಗಲಿ ಅಂತ. ಕವರ್‌ನ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಒಂದನ್ನೇ ಪೂರ್ತಿ ತಿರುಗಿಸಿದರೆ ಕವರ್ ಬಿರಿಯುತ್ತದೆ. ಥರ್ಮೋಸ್ಟ್ಯಾಟ್ ವಿಷಯದಲ್ಲಿ ನಾನು ಗಾಡಿ ಕಂಪನಿಯ ಪಾರ್ಟ್ ಬಿಟ್ಟು ಬೇರೆ ತಗೊಳ್ಳುವುದಿಲ್ಲ. ಹೋಸ್, ಬೆಲ್ಟ್‌ಗೆ ಗೇಟ್ಸ್ ಕಂಪನಿಯದು ಸಿಕ್ಕರೆ ಸಂತೋಷ. ಹೆಸರಿಲ್ಲದ ಪ್ಯಾಕೆಟ್ ಮಾತ್ರ ಬೇಡ.

ಫ್ಯಾನ್ ಡೈರೆಕ್ಟ್ ಮಾಡಿದ್ದನ್ನು ತೆಗೆಸಿ. ಎಷ್ಟೋ ಕಡೆ ಫ್ಯೂಸ್ ಕೂಡ ಇಲ್ಲದೆ ತೆಳು ವೈರ್ ಎಳೆದಿರುತ್ತಾರೆ, ಅದು ಕರಗಿ ಹೊತ್ತಿಕೊಂಡರೆ ಓವರ್‌ಹೀಟ್ ಎಷ್ಟೋ ವಾಸಿ ಅನ್ನಿಸುತ್ತದೆ. ರೇಡಿಯೇಟರ್‌ನಲ್ಲಿ ಎರಡು ಪಿನ್ನಿನ ಥರ್ಮೋ ಸ್ವಿಚ್ ಇರುವ ಗಾಡಿಯಾದರೆ ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಇಟ್ಟು, ಎರಡು ಪಿನ್ ಜೋಡಿಸಿ ನೋಡಿ. ಫ್ಯಾನ್ ತಿರುಗಿದರೆ ಮೋಟರ್, ರಿಲೇ, ವೈರ್ ಎಲ್ಲ ಸರಿ, ಸ್ವಿಚ್ ಅಥವಾ ನೀರಿನ ಮಟ್ಟ ಸರಿ ಇಲ್ಲ ಅಂತ ಅರ್ಥ. ಫ್ಯಾನ್ ಅನ್ನು ಇಸಿಯು (ಎಂಜಿನ್‌ನ ಕಂಪ್ಯೂಟರ್) ನಿಯಂತ್ರಿಸುವ ಗಾಡಿಯಲ್ಲಿ ಮಾತ್ರ ಪಿನ್ ಜೋಡಿಸೋಕೆ ಹೋಗಬೇಡಿ. ಅಲ್ಲಿ ಎಂಜಿನ್ ಓಡುತ್ತಿರುವಾಗ ಸೆನ್ಸರ್ ಕನೆಕ್ಟರ್ ಬಿಚ್ಚಿದರೆ ಬಹಳ ಗಾಡಿಗಳು ಮುನ್ನೆಚ್ಚರಿಕೆಗೆ ತಾವೇ ಫ್ಯಾನ್ ಓಡಿಸುತ್ತವೆ.

ಫ್ಯಾನ್ ತಿರುಗಿದರೆ ಸಾಲದು, ಸರಿಯಾದ ದಿಕ್ಕಿಗೆ ತಿರುಗಬೇಕು. ಮೋಟರ್ ಬದಲಿಸುವಾಗ ವೈರ್ ಅದಲು ಬದಲಾದರೆ ಗಾಳಿ ಉಲ್ಟಾ ಹೋಗುತ್ತದೆ. ಒಂದು ಕಾಗದವನ್ನು ಮುಂದೆ ಗ್ರಿಲ್ ಹತ್ತಿರ ಹಿಡಿಯಿರಿ, ಎಳೆದು ಅಂಟಿಸಿಕೊಳ್ಳಬೇಕು. ಫ್ಯಾನ್ ಸುತ್ತ ಪ್ಲಾಸ್ಟಿಕ್ ಶ್ರೌಡ್ ಇದೆಯಾ ಅಂತಲೂ ನೋಡಿ. ಕೆಲಸ ಮಾಡೋಕೆ ಅಡ್ಡ ಅಂತ ತೆಗೆದವರು ವಾಪಸ್ ಹಾಕೋದು ಕಡಿಮೆ. ಅದಿಲ್ಲದಿದ್ದರೆ ಫ್ಯಾನ್ ತನ್ನ ಎದುರಿನ ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ. ಎಸಿ ಇದ್ದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಬಿಟ್ಟು ನೋಡಿ, ಧೂಳು, ಹುಳ, ಎಲೆ ಎಲ್ಲ ಸೇರಿ ಹೊದಿಕೆಯಾಗಿರುತ್ತದೆ. ಎಂಜಿನ್ ಕಡೆಯಿಂದ ಹೊರಗೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ವಾಷರ್ ಹಿಡಿದರೆ ಫಿನ್ ಎಲ್ಲ ಮಲಗುತ್ತವೆ.

ಇಷ್ಟಾದ ಮೇಲೆ ನನ್ನ ಇಷ್ಟದ ಪರೀಕ್ಷೆ. ಏನೂ ಬಿಚ್ಚಬೇಕಿಲ್ಲ, ತಾಳ್ಮೆ ಬೇಕು. ಬೆಳಗ್ಗೆ ತಣ್ಣನೆ ಎಂಜಿನ್, ರೇಡಿಯೇಟರ್ ಕುತ್ತಿಗೆವರೆಗೆ ನೀರು, ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಬಯಲಲ್ಲಿ. ಪಕ್ಕದಲ್ಲೇ ನಿಂತು ಮೇಲಿನ ಹೋಸ್ ಹಿಂಡುತ್ತಿರಿ, ಬಟ್ಟೆಯ ತೋಳು ಫ್ಯಾನ್‌ನಿಂದ ದೂರ ಇರಲಿ. ಮೊದಲ ಒಂದೆರಡು ನಿಮಿಷದಲ್ಲೇ, ಹೋಸ್ ಇನ್ನೂ ತಣ್ಣಗಿರುವಾಗಲೇ ಕಲ್ಲಿನಂತೆ ಗಟ್ಟಿಯಾದರೆ ಅದು ನೀರಿನ ಬಿಸಿಯಿಂದ ಬಂದ ಒತ್ತಡವಲ್ಲ. ಸಿಲಿಂಡರ್ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್) ನೋಡಿಸಿ. ಹಾಗಾಗದಿದ್ದರೆ ಮುಂದುವರಿಸಿ. ಥರ್ಮೋಸ್ಟ್ಯಾಟ್ ಮೇಲಿನ ಹೋಸ್ ಕಡೆ ಇರುವ ಗಾಡಿಯಲ್ಲಿ, ಮುಳ್ಳು ಮಧ್ಯಕ್ಕೆ ಬರುವ ಹೊತ್ತಿಗೆ ಹೋಸ್ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಬೇಕು. ಮುಳ್ಳು ಏರಿದೆ, ಹೋಸ್ ತಣ್ಣಗಿದೆ ಅಂದರೆ ಥರ್ಮೋಸ್ಟ್ಯಾಟ್ ಮುಚ್ಚಿಕೊಂಡಿದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ (ಏರ್ ಲಾಕ್). ಆಮೇಲೆ ಫ್ಯಾನ್ ಆನ್ ಆಗಬೇಕು, ಮುಳ್ಳು ಸ್ವಲ್ಪ ಇಳಿದು ಆಫ್ ಆಗಬೇಕು. ಆನ್ ಆಗಿ ಆಫ್ ಆಗದೇ ಇದ್ದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರೋ ಸಾಧ್ಯತೆ ಜಾಸ್ತಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ರೇಡಿಯೇಟರ್ ಮೇಲೆ ಆಡಿಸಿ, ನಡುವೆ ತಣ್ಣನೆಯ ಪಟ್ಟಿ ಸಿಕ್ಕರೆ ಅಲ್ಲಿ ನೀರು ಹರಿಯುತ್ತಿಲ್ಲ. ಹೊಳೆಯುವ ಲೋಹದ ಮೇಲೆ ಅದು ತಪ್ಪು ತೋರಿಸುತ್ತದೆ, ಅಂಥ ಕಡೆ ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ನಿಂತಾಗ ಬಿಸಿ, ಓಡುವಾಗ ಸರಿ ಅಂದರೆ ಫ್ಯಾನ್ ಗಾಳಿಯ ಸಮಸ್ಯೆ. ಓಡುವಾಗ, ಏರಿನಲ್ಲಿ ಬಿಸಿ, ನಿಂತರೆ ಸರಿ ಅಂದರೆ ನೀರಿನ ಹರಿವಿನ ಸಮಸ್ಯೆ, ರೇಡಿಯೇಟರ್ ಅಥವಾ ಪಂಪ್ ನೋಡಿ. ಕೆಳಗಿನ ಹೋಸ್ ಮೆತ್ತಗಾಗಿ ಪಂಪ್ ಎಳೆತಕ್ಕೆ ಮುಚ್ಚಿಕೊಳ್ಳೋದೂ ಉಂಟು. ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಏರಿದರೆ ಎಂಜಿನ್ ಮುಟ್ಟಬೇಡಿ, ಅದು ಅರ್ತ್ ಲೂಸ್. ನೀರಿನ ಬಿಸಿ ಹಾಗೆ ಜಿಗಿಯುವುದಿಲ್ಲ.

ಗ್ಯಾಸ್ಕೆಟ್ ಬಗ್ಗೆ ಒಂದು ಎಚ್ಚರ. ಆಯಿಲ್ ಕ್ಯಾಪ್ ಕೆಳಗೆ ಹಾಲು ಬೆರೆತಂಥ ಕೆನೆ ಕಂಡ ಕೂಡಲೇ "ಹೆಡ್ ಬಿಚ್ಚಬೇಕು" ಅಂತ ಹೇಳಿದರೆ ನಂಬಬೇಡಿ. ಬರೀ ಹತ್ತಿರದ ಓಡಾಟ ಇದ್ದರೆ, ಅದರಲ್ಲೂ ನಿಮ್ಮಂತೆ ಥರ್ಮೋಸ್ಟ್ಯಾಟ್ ಇಲ್ಲದೆ ಎಂಜಿನ್ ಬಿಸಿಯೇ ಆಗದಿದ್ದರೆ, ತೇವ ಅಲ್ಲಿ ಹಾಗೆ ಕೂರುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಆಯಿಲ್ ಹಾಗೇ ಇದ್ದರೆ ಮಾತು ಬೇರೆ. ಬ್ಲಾಕ್ ಟೆಸ್ಟ್ ಮಾಡಿಸಿ, ರೇಡಿಯೇಟರ್ ಬಾಯಿಯ ಆವಿ ಹಾಯಿಸಿದಾಗ ಅದರ ನೀಲಿ ದ್ರವ ಹಳದಿಯಾದರೆ ಸಿಲಿಂಡರ್ ಗ್ಯಾಸ್ ಬರುತ್ತಿದೆ ಅಂತ ಖಚಿತ. ಸ್ಪಾರ್ಕ್ ಪ್ಲಗ್‌ಗಳಲ್ಲಿ ಒಂದು ಮಾತ್ರ ತೊಳೆದಿಟ್ಟಂತೆ ಸ್ವಚ್ಛವಾಗಿದ್ದರೆ ಆ ಸಿಲಿಂಡರ್‌ಗೇ ನೀರು ಹೋಗುತ್ತಿದೆ.

ಗಾಳಿ ತೆಗೆಯೋದನ್ನು ಯಾರೂ ಸರಿಯಾಗಿ ಮಾಡುವುದಿಲ್ಲ. ಗಾಡಿಯ ಮೂತಿ ಎತ್ತರದಲ್ಲಿರಲಿ, ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಬ್ಲೀಡ್ ಸ್ಕ್ರೂ ಇದ್ದರೆ ಬಿಚ್ಚಿ ಗುಳ್ಳೆ ನಿಲ್ಲೋವರೆಗೆ ತುಂಬಿಸಿ. ತಣ್ಣಗಿದ್ದಾಗಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಥರ್ಮೋಸ್ಟ್ಯಾಟ್ ತೆರೆದು ನೀರಿನ ಮಟ್ಟ ಗುಳುಕ್ಕನೆ ಇಳಿಯೋವರೆಗೆ ಹೋಸ್ ಹಿಂಡಿ, ತುಂಬಿಸಿ, ಉಕ್ಕೋಕೆ ಮುಂಚೆ ಕ್ಯಾಪ್ ಹಾಕಿ. ಮರುದಿನ ತಣ್ಣಗಾದ ಮೇಲೆ ಮತ್ತೆ ನೋಡಿ, ಖಂಡಿತ ಸ್ವಲ್ಪ ಹಿಡಿಸುತ್ತದೆ.

ನಲ್ಲಿ ನೀರು ಹಾಕೋದು ನಿಲ್ಲಿಸಿ ಸರ್. ಅದರ ಸುಣ್ಣವೇ ರೇಡಿಯೇಟರ್ ಕಟ್ಟಿಸೋದು. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಸಮಪಾಲು ಹಾಕಿ, ರೆಡಿಮಿಕ್ಸ್ ಆದರೆ ಮತ್ತೆ ನೀರು ಬೆರೆಸಬೇಡಿ. ಹಸಿರು, ಕೆಂಪು ಅಂತ ಬಣ್ಣ ನೋಡಿ ಸೇರಿಸಬೇಡಿ, ಬಣ್ಣಕ್ಕೂ ಒಳಗಿನ ಕೆಮಿಕಲ್‌ಗೂ ಸಂಬಂಧ ಇಲ್ಲ. ಹಾಗಂತ ನೀರು ಬೆರೆಸದೆ ಬರೀ ಕೂಲೆಂಟ್ ಸುರಿದರೂ ತಪ್ಪು, ಬಿಸಿ ಒಯ್ಯೋದರಲ್ಲಿ ಅದು ನೀರಿಗಿಂತ ಹಿಂದೆ. ಮೇಲೆ ಒಬ್ಬರು ಲೀಕ್ ನಿಲ್ಲಿಸುವ ಪುಡಿ ಹಾಕಿ ಅಂದಿದ್ದಾರೆ. ಬೇಡವೇ ಬೇಡ. ಅದಕ್ಕೆ ಸೋರೋ ತೂತು ಯಾವುದು, ರೇಡಿಯೇಟರ್‌ನ ಸಣ್ಣ ಟ್ಯೂಬ್ ಯಾವುದು ಅಂತ ಗೊತ್ತಾಗುವುದಿಲ್ಲ.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಹಾಕಿ, ಬದಿಗೆ ನಿಲ್ಲಿಸಿ. ಬಿಸಿ ಎಂಜಿನ್‌ಗೆ ತಣ್ಣೀರು ಸುರಿದು ಬ್ಲಾಕ್ ಸೀಳಿಸಬೇಡಿ. ಆಗ ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ನೀರು ಇಳಿದಿದೆ ಅಂತ ತಿಳಿದು ಕೂಡಲೇ ಎಂಜಿನ್ ಆಫ್ ಮಾಡಿ. ಮುಂದಿನ ಗಾಜು ಒಳಗಿನಿಂದ ಜಿಡ್ಡು ಜಿಡ್ಡಾಗಿ ಮಂಜು ಕಟ್ಟುತ್ತಿದ್ದರೆ ಮುಂದಿನ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ, ಹೀಟರ್ ಕೋರ್ ಅಲ್ಲಿಗೇ ಸೋರೋದು. ಇನ್ನು ವಾಟರ್ ಪಂಪ್ ಟೈಮಿಂಗ್ ಬೆಲ್ಟ್‌ನಿಂದ ತಿರುಗುವ ಎಂಜಿನ್ ನಿಮ್ಮದಾದರೆ, ಬೆಲ್ಟ್ ಕವರ್ ಕೆಳಗೆ ಒಣಗಿದ ಕೂಲೆಂಟ್ ಕಲೆ ಇದೆಯಾ ನೋಡಿಸಿ. ಪಂಪ್‌ನ ಕೆಳಗಿನ ಸಣ್ಣ ತೂತಿನಿಂದ ಇಳಿದದ್ದು ಅದು, ಸೀಲ್ ಹೋಗಿದೆ ಅಂತ ಅರ್ಥ. ಬೆಲ್ಟ್ ಬದಲಿಸುವ ಸಮಯ ಹತ್ತಿರ ಇದ್ದರೆ ಎರಡನ್ನೂ ಒಟ್ಟಿಗೇ ಮಾಡಿಸಿ, ಬಿಚ್ಚುವ ಕೂಲಿ ಒಂದೇ.