ಕರದಂಟಿನ ಡಬ್ಬಿಗೆ ಕೆಂಪು ಬಾರ್‌ಕೋಡ್ ಬೇಡ

ಪ್ರಶ್ನೆ: ಅಣ್ಣಾರ, ಮನೆಯಲ್ಲೇ ಕರದಂಟು ಮಾಡಿ ಕಾಲು ಕಿಲೋ, ಅರ್ಧ ಕಿಲೋ ಡಬ್ಬಿಗಳಲ್ಲಿ ಮಾರುತ್ತೇನೆ. ಚಂದ ಕಾಣಲೆಂದು ಬಾರ್‌ಕೋಡನ್ನೂ ಕೆಂಪಿನಲ್ಲೇ ಮಾಡಿಸಿದೆ. ಅಂಗಡಿಯ ಸ್ಕ್ಯಾನರ್ ಓದಲಿಲ್ಲ, ಮಾಲು ವಾಪಸ್ ಬಂತು. ಏನು ಮಾಡಲಿ?
— ಓದುಗರೊಬ್ಬರು, ಅಮೀನಗಡ

ಉತ್ತರ: ಅಕ್ಕಾರ, ತಪ್ಪು ಬಣ್ಣದ್ದೇ. ಅಂಗಡಿಯ ಬಹಳಷ್ಟು ಸ್ಕ್ಯಾನರ್‌ಗಳು ಕೆಂಪು ಬೆಳಕು ಚೆಲ್ಲುತ್ತವೆ. ಆ ಬೆಳಕಿಗೆ ಕೆಂಪು ಗೆರೆಯೂ ಬಿಳಿ ಕಾಗದವೂ ಒಂದೇ. ಬಾಗಲಕೋಟೆಯ ನವನಗರದ ನನ್ನ ಪ್ರೆಸ್ಸಿನಲ್ಲಿ ಇಳಕಲ್ ಸೀರೆ ವ್ಯಾಪಾರಿಯೊಬ್ಬರಿಗೆ ನಾನೂ ಇದೇ ತಪ್ಪು ಮಾಡಿ, ಇಡೀ ರೋಲ್ ಮತ್ತೆ ಹೊಡೆದುಕೊಟ್ಟಿದ್ದೆ. ನಿಮ್ಮ ಸಂಕಟ ನನಗೆ ಗೊತ್ತು. ಬಿಳಿಯ ಮೇಲೆ ಕಪ್ಪು ಗೆರೆ ಹಾಕಿಸಿ, ಕೆಂಪು ಬಣ್ಣ ಕರದಂಟಿನ ಹೆಸರು ಬರೆಯಲು ಇರಲಿ.

ಅಂಗಡಿ ಮಾಲಿನ ಮೇಲಿರುವ 13 ಅಂಕಿಯ ಬಾರ್‌ಕೋಡ್, ಅಂದರೆ ಇಎಎನ್-13 ಕೋಡಿನ ಮೂಲ ಅಳತೆ 37.29 × 25.93 ಮಿ.ಮೀ. ಸಣ್ಣ ಡಬ್ಬಿಗೆ ಶೇ 80ರವರೆಗೆ ಇಳಿಸಬಹುದು, ಅದರ ಕೆಳಗೆ ಬೇಡ. ಎಡಬಲದ ಖಾಲಿ ಜಾಗದಲ್ಲಿ ಹೂಬಳ್ಳಿ ಬರೆಸಬೇಡಿ. ಕೋಡ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಸ್ಕ್ಯಾನರ್‌ಗೆ ತಿಳಿಯುವುದು ಆ ಖಾಲಿಯಿಂದಲೇ.

ಕರದಂಟು ಅಂದಮೇಲೆ ತುಪ್ಪದ ಕೈ ತಾಗಿಯೇ ತಾಗುತ್ತದೆ. ಮಸಿಯ ರಿಬ್ಬನ್ ಇಲ್ಲದೆ ಬರೀ ಬಿಸಿಯಿಂದ ಅಚ್ಚಾಗುವ ಥರ್ಮಲ್ ಲೇಬಲ್ ಜಿಡ್ಡಿಗೆ, ಬಿಸಿಲಿಗೆ ಮಾಸುತ್ತದೆ. ರಿಬ್ಬನ್ ಹಾಕುವ ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರಿನಲ್ಲೇ ಹೊಡೆಸಿ.

ಹಾಂ, ಎರಡೂ ತೂಕಕ್ಕೆ ಒಂದೇ ಬಾರ್‌ಕೋಡ್ ಸಂಖ್ಯೆ ಹಾಕಿಲ್ಲ ತಾನೆ? ಬೇರೆ ಬೇರೆ ಬೇಕು. ಭಾರತದಲ್ಲಿ ಇವನ್ನು ಕೊಡುವುದು ಜಿಎಸ್‌1 ಇಂಡಿಯಾ, 890ರಿಂದ ಶುರುವಾಗುತ್ತವೆ. ಮೊದಲು ಒಂದೇ ಲೇಬಲ್ ತೆಗೆಸಿ, ಡಬ್ಬಿಗೆ ಅಂಟಿಸಿ ಅಂಗಡಿಯಲ್ಲಿ ಓದಿಸಿ ನೋಡಿ, ಆಮೇಲೆ ರೋಲ್ ಹೊಡೆಸಿ.