ಈಗಿನ ಚೈನೀಸ್ ಆನಿಮೇಷನ್ ಸಿನಿಮಾಗಳಲ್ಲಿ ಲೋಕಲ್ ಸಂಸ್ಕೃತಿ ನಿಜವಾಗ್ಲೂ ಇರುತ್ತಾ, ಇಲ್ಲ ಬರೀ ಡ್ರ್ಯಾಗನ್ ಶೋನಾ?

ಇರುತ್ತೆ, ಅದೂ ಇಡೀ ಚೀನಾದ್ದು ಅಂತಲ್ಲ, ಆಯಾ ಪ್ರಾಂತ್ಯದ್ದೇ. 2019ರ 'ನೇಜಾ' ತಗೊಳ್ಳಿ, ಕಥೆ ಹಳೇ ಪುರಾಣದ್ದೇ, ಆದ್ರೆ ಡೈರೆಕ್ಟರ್ ಜಿಯಾವ್‌ಝಿ ಸಿಚುವಾನ್ ಪ್ರಾಂತ್ಯದವ್ರು, ಅದಕ್ಕೇ ಹಂದಿ ಮೇಲೆ ಓಡಾಡೋ ಗುರು ತೈಯಿ ಬಾಯಲ್ಲಿ ಸಿಚುವಾನ್ ಆಕ್ಸೆಂಟ್, ಕಾವಲು ಪ್ರಾಣಿಗಳ ಮುಖಕ್ಕೋ ಅದೇ ಪ್ರಾಂತ್ಯದ ಸಾನ್‌ಶಿಂಗ್‌ದುಯಿ ಅಗೆತದಲ್ಲಿ ಸಿಕ್ಕ 3,000 ವರ್ಷ ಹಳೇ ಕಂಚಿನ ಮುಖವಾಡಗಳೇ ಮಾಡೆಲ್. 2025ರ ಎರಡನೇ ಭಾಗದಲ್ಲಿ ವಾದ್ಯಾನೇ ಇಲ್ದೆ ಗುಂಪಾಗಿ ಹಾಡೋ ದಕ್ಷಿಣ ಚೀನಾದ ಡಾಂಗ್ ಸಮುದಾಯದ ಹಾಡುಗಾರಿಕೆ ಬರುತ್ತೆ, ಹೆಡ್‌ಫೋನ್ ಹಾಕ್ಕೊಂಡು ಕೇಳಿ.

ನನ್ ಪ್ರಕಾರ ಇವೆಲ್ಲಕ್ಕಿಂತ ಗಟ್ಟಿಯಾಗಿರೋದು 2021ರ 'ಐ ಆಮ್ ವಾಟ್ ಐ ಆಮ್'. ಅಲ್ಲಿ ಸಂಪ್ರದಾಯ ಡೆಕೋರೇಷನ್ ಅಲ್ಲ, ಅದೇ ಕಥೆ. ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿ ಹುಡುಗ, ಅಪ್ಪ ಅಮ್ಮ ದುಡಿಯೋಕೆ ಸಿಟಿಗೆ ಹೋಗಿದಾರೆ, ಇವ್ನು ಸಿಂಹ ನೃತ್ಯ ಕಲಿಯೋಕೆ ಹೊರಡ್ತಾನೆ. ಒಬ್ಬ ಸಿಂಹದ ವೇಷದ ತಲೆ ಹಿಡ್ಕೊಂಡು, ಇನ್ನೊಬ್ಬ ಹಿಂದೆ ಬಗ್ಗಿಕೊಂಡು ಎತ್ತರದ ಕಂಬದಿಂದ ಕಂಬಕ್ಕೆ ಹಾರ್ಬೇಕು, ಕೊನೇಲಿ ಯಾರೂ ಹತ್ತೋಕಾಗ್ದಿರ್ಲಿ ಅಂತಲೇ ನಿಲ್ಸಿರೋ ಒಂದು ಕಂಬ ಬೇರೆ. ಇಷ್ಟೆಲ್ಲಾ ಮಾಡಿದ್ರೂ ಚೀನೀಯರನ್ನ ಅಣಕಿಸೋ ಥರ ಪಾತ್ರಗಳ ಕಣ್ಣು ಸಣ್ಣ ಮಾಡಿದಾರೆ ಅಂತ ಚೀನಾದಲ್ಲೇ ಆನ್‌ಲೈನ್ ಗಲಾಟೆ ಆಯ್ತು, ಏನ್ ಹೇಳೋದು.