ನಗು ಉಳಿಯಿತು, ಪದ ಎಲ್ಲಿ ಇಳಿಯಿತು?

ಪ್ರಿಯ ಸೋದರಿ,

ಮುಂಬಯಿ ಬಳಿಯ ಡೊಂಬಿವಲಿಯಿಂದ ನೀವು ಬರೆದ ಪತ್ರವನ್ನೂ ಜೊತೆಗಿಟ್ಟ ಎರಡು ಪುಟದ ನಗೆಪ್ರಸಂಗವನ್ನೂ ಓದಿದೆವು. ಉಳಿದ ಓದುಗರಿಗಾಗಿ ವಿಷಯ ಇಷ್ಟು: ನಿಮ್ಮ ಸೊಸೈಟಿಯ ಕೋಣೆಯಲ್ಲಿ ಪ್ರತಿ ಭಾನುವಾರ ಎಂಟರಿಂದ ಹನ್ನೆರಡು ವರ್ಷದ ಒಂಬತ್ತು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೀರಿ. ಪದಪಟ್ಟಿ ಬಾಯಿಪಾಠ ಮಾಡಿಸಿದರೆ ಮಕ್ಕಳು ಆಕಳಿಸುತ್ತಾರೆಂದು ವಾರಕ್ಕೆ ಹತ್ತು ಹೊಸ ಪದ ಸೇರಿಸಿ ನಗೆಪ್ರಸಂಗ ಬರೆಯತೊಡಗಿದಿರಿ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮುಂದಿನ ಭಾನುವಾರ ಕೇಳಿದರೆ ಕಥೆಯನ್ನು ಚಾಚೂತಪ್ಪದೆ ಒಪ್ಪಿಸುತ್ತಾರೆ, ಆದರೆ ಅರ್ಧ ಹಿಂದಿಯಲ್ಲಿ, ಅರ್ಧ ಮರಾಠಿಯಲ್ಲಿ. ಹತ್ತು ಪದಗಳಲ್ಲಿ ಒಂದೂ ಬಾಯಿಗೆ ಬರುವುದಿಲ್ಲ. ‘ತಪ್ಪುತ್ತಿರುವುದು ಎಲ್ಲಿ?’ ಎಂದು ಕೇಳಿದ್ದೀರಿ.

ಉತ್ತರ ನಿಮ್ಮ ಪತ್ರದಲ್ಲೇ ಇದೆ. ಹಿಂದಿಯಲ್ಲಿ ಹೇಳಿದಾಗಲೂ ಅದೇ ನಗು ಬರುತ್ತದೆ ಎಂದಾದರೆ ಆ ನಗುವಿಗೆ ಕನ್ನಡದ ಪದ ಬೇಕಾಗಿಯೇ ಇರಲಿಲ್ಲ. ಮಕ್ಕಳು ತಮಗೆ ಬೇಕಾದದ್ದನ್ನು ಇಟ್ಟುಕೊಂಡರು, ಬೇಡದ್ದನ್ನು ಬಿಟ್ಟರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ನಗೆ ನಿಂತಿರುವ ಕೀಲು ಆ ಪದವೇ ಆಗಬೇಕು. ಕೀಲು ತೆಗೆದರೆ ಪ್ರಸಂಗ ಕುಸಿಯಬೇಕು. ಬರೆದಾದ ಮೇಲೆ ಹೊಸ ಪದದ ಮೇಲೆ ಬೆರಳಿಟ್ಟು ಮುಚ್ಚಿ ಓದಿ ನೋಡಿ. ಆಗಲೂ ನಗು ಬಂದರೆ ಆ ಪ್ರಸಂಗ ಮನರಂಜನೆಗೆ ಸರಿ, ಪಾಠಕ್ಕೆ ಅಲ್ಲ.

ನಿಮ್ಮ ಕಥೆಯನ್ನೇ ತೆಗೆದುಕೊಳ್ಳೋಣ. ಲೋಕಲ್ ರೈಲಿನಲ್ಲಿ ನಿದ್ದೆ ಹೋದ ಮಾವ ಮಾಟುಂಗದಲ್ಲಿ ಇಳಿಯುವುದು ಬಿಟ್ಟು ಕೊನೆಯ ಸ್ಟೇಷನ್ ಮುಟ್ಟುತ್ತಾರೆ. ನೀವು ಸೇರಿಸಿದ ಪದಗಳು: ತೂಕಡಿಸು, ಜೋಂಪು, ಮಂಪರು, ಗೊರಕೆ, ಆಕಳಿಕೆ, ಒರಗು, ಗದರು, ಗೊಣಗು, ಪೇಚು, ತಬ್ಬಿಬ್ಬು. ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಸಂಖ್ಯೆ. ಹೂ ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಇಂಗ್ಲಿಷ್ ಕಲಿಯುವವರನ್ನು ಕುರಿತದ್ದು. ಯಾರ ಸಹಾಯವೂ ಇಲ್ಲದೆ ಒಂದು ಕಥೆ ಚೆನ್ನಾಗಿ ತಿಳಿಯಬೇಕಾದರೆ ಹೆಚ್ಚಿನ ಓದುಗರಿಗೆ ನೂರರಲ್ಲಿ ಸುಮಾರು 98 ಪದ ಗೊತ್ತಿರಬೇಕು ಎಂದು ಅದು ಹೇಳುತ್ತದೆ. ನಿಮ್ಮ ತರಗತಿಯಲ್ಲಿ ಪಕ್ಕದಲ್ಲಿ ನೀವಿರುತ್ತೀರಿ, ಹಾಗಾಗಿ ಅರುವತ್ತು, ಎಂಬತ್ತು ಪದದ ಪ್ರಸಂಗಕ್ಕೆ ಮೂರು ಹೊಸ ಪದ ನಡೆಯುತ್ತದೆ. ಹತ್ತು ಖಂಡಿತ ಜಾಸ್ತಿ.

ಎರಡನೆಯದು ಇನ್ನೂ ಮುಖ್ಯ. ತೂಕಡಿಕೆ, ಜೋಂಪು, ಮಂಪರು ಒಂದೇ ಮನೆಯ ಮಕ್ಕಳು. ಇಂಥ ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕಲಿಸಿದರೆ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ, ಕಲಿಕೆ ನಿಧಾನವಾಗುತ್ತದೆ ಎಂದು ಸಂಶೋಧಕ ಥಾಮಸ್ ಟಿಂಕಮ್ 1990ರ ದಶಕದ ಪ್ರಯೋಗಗಳಲ್ಲಿ ತೋರಿಸಿದರು. ವಿರುದ್ಧಪದಗಳೂ ಇದೇ ಗೊಂದಲ ಮಾಡುತ್ತವೆ. ನಮ್ಮ ಪಠ್ಯಪುಸ್ತಕಗಳು ‘ಉಬ್ಬು’, ‘ತಗ್ಗು’ ಎಂದು ಜೋಡಿಯಾಗಿಯೇ ಕೊಡುತ್ತವೆ, ಮಗು ಎರಡರಲ್ಲಿ ಯಾವುದು ಯಾವುದೆಂದು ತಡಕಾಡುತ್ತದೆ. ಒಂದನ್ನು ಈ ವಾರ ಕಲಿಸಿ, ಅದು ಗಟ್ಟಿಯಾದ ಮೇಲೆ ಇನ್ನೊಂದನ್ನು ತನ್ನಿ. ಒಂದೇ ಘಟನೆಯಲ್ಲಿ ಒಂದರ ಹಿಂದೊಂದು ಬರುವ ಬೇರೆಬೇರೆ ಕೆಲಸದ ಪದಗಳಾದರೆ ಅಡ್ಡಿಯಿಲ್ಲ: ಒಬ್ಬ ತೂಕಡಿಸುತ್ತಾನೆ, ಒರಗುತ್ತಾನೆ, ಇನ್ನೊಬ್ಬ ಗದರುತ್ತಾನೆ. ಈ ಮೂರನ್ನೇ ಇಟ್ಟುಕೊಂಡು ನಿಮ್ಮ ಕಥೆಯನ್ನು ಹೀಗೆ ತಿದ್ದಿದ್ದೇವೆ:

‘ಡೊಂಬಿವಲಿಯಲ್ಲಿ ಮಾವನಿಗೆ ನಡುವಿನ ಸೀಟು ಸಿಕ್ಕಿತು. ಮುಂಬ್ರಾ ದಾಟುವಷ್ಟರಲ್ಲಿ ತೂಕಡಿಸತೊಡಗಿದರು. ತಲೆ ಬಾಗಿತು, ಎದ್ದಿತು, ಮತ್ತೆ ಬಾಗಿತು. ಠಾಣೆಯಲ್ಲಿ ಜನ ನುಗ್ಗಿದರೂ ತೂಕಡಿಕೆ ನಿಲ್ಲಲಿಲ್ಲ. ಮುಲುಂಡಿನಲ್ಲಿ ತಲೆ ಪಕ್ಕದವರ ಹೆಗಲಿಗೆ ಒರಗಿತು. ಅವರು ಹೆಗಲು ಸರಿಸಿದರು. ತಲೆ ಹೆಗಲನ್ನು ಹುಡುಕಿಕೊಂಡು ಹೋಗಿ ಮತ್ತೆ ಒರಗಿತು. ಘಾಟ್ಕೋಪರ್‌ವರೆಗೆ ತಾಳಿಕೊಂಡವರು ಕೊನೆಗೆ ಗದರಿದರು: “ಏನ್ ಸ್ವಾಮಿ, ತೂಕಡಿಸೋದು ನೀವು, ತೂಕ ಹೊರೋದು ನಾನಾ?”’

ಇದನ್ನು ಹಿಂದಿಗೆ ತಿರುಗಿಸಿ ನೋಡಿ. ‘ಊಂಘನಾ’ ಒಂದು ಕಡೆ, ‘ವಜನ್’ ಇನ್ನೊಂದು ಕಡೆ, ನಗು ಮಾಯ. ನಗಬೇಕೆಂದರೆ ಮಗು ‘ತೂಕಡಿಸು’ ಎನ್ನಲೇಬೇಕು. ಅರ್ಥವನ್ನು ಪಕ್ಕದಲ್ಲಿ ಬರೆದಿಲ್ಲ ಎಂಬುದನ್ನೂ ಗಮನಿಸಿ. ‘ತಲೆ ಬಾಗಿತು, ಎದ್ದಿತು’ ಎಂಬ ಮುಂದಿನ ವಾಕ್ಯವೇ ಅರ್ಥ ಹೇಳುತ್ತದೆ. ಹೊಸ ಪದ ಬಂದ ಕೂಡಲೇ ಮುಂದಿನ ಸಾಲಿನಲ್ಲಿ ಅದರ ಚಿತ್ರ ಬರಬೇಕು. ತಡವಾದರೆ ಮಗು ಊಹೆ ಮಾಡಿಬಿಡುತ್ತದೆ, ತಪ್ಪು ಊಹೆಯನ್ನು ಅಳಿಸುವುದು ಕಷ್ಟ. ತಿಳಿಯುವ ಆಸೆಯಿರುವ ದೊಡ್ಡ ಮಕ್ಕಳಿಗೆ ಆಮೇಲೆ ಹೇಳಬಹುದು: ತೂಕ, ತೂಕಡಿಕೆ ಎರಡಕ್ಕೂ ಬೇರು ‘ತೂಗು’. ತೊಟ್ಟಿಲು ತೂಗುತ್ತೇವೆ, ಅಕ್ಕಿ ತೂಗುತ್ತೇವೆ, ನಿದ್ದೆ ಬಂದಾಗ ತಲೆ ತೂಗುತ್ತದೆ.

ಮುಂಬಯಿಯ ಮಕ್ಕಳಿಗೆ ಇನ್ನೊಂದು ಸೌಲಭ್ಯವಿದೆ, ಬೆಂಗಳೂರಿನ ಮಕ್ಕಳಿಗೆ ಇದು ಇಷ್ಟು ಸುಲಭವಾಗಿ ಸಿಗದು. ಕಣ್ಣಿಗೆ ಬೀಳುವ ಮರಾಠಿ ಬೋರ್ಡುಗಳಲ್ಲಿ ಎಷ್ಟೋ ಪದಗಳು ಕನ್ನಡದವೇ ಎಂಬಂತೆ ಕಾಣುತ್ತವೆ, ಅರ್ಥ ಮಾತ್ರ ಬೇರೆ. ರೈಲ್ವೆ ಸ್ಟೇಷನ್ನಿನ ‘ಚೌಕಶಿ’ ಎಂದರೆ ಮರಾಠಿಯಲ್ಲಿ ವಿಚಾರಣೆ. ನಮ್ಮ ಚೌಕಾಸಿಯೇ ಬೇರೆ. ಶಾಲೆಯಲ್ಲಿ ಹಿಂದಿ ಓದಿದ್ದ ಅಜ್ಜಿಯೊಬ್ಬರು ಉಡುಪಿಯಿಂದ ಬಂದು ಆ ಬೋರ್ಡನ್ನು ಕೂಡಿಸಿ ಓದಿಕೊಂಡು, ಕಿಟಕಿಯೊಳಗೆ ಬಗ್ಗಿ, ‘ನಾಲ್ಕು ಟಿಕೆಟ್ ತಗೊಳ್ತೇವೆ ಮಾರಾಯ್ರೇ, ಕಡೆಗೆ ಎಷ್ಟಕ್ಕೆ ಕೊಡ್ತೀರಿ?’ ಎಂದು ಕೇಳಲಿ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆದರೆ ಇಲ್ಲೇ ನಿಲ್ಲಿಸಬೇಡಿ, ಇಂಥ ಪ್ರಸಂಗ ಕೆಡುವುದು ಇಲ್ಲೇ. ತಪ್ಪು ಅರ್ಥವೇ ಹೆಚ್ಚು ತಮಾಷೆಯಾಗಿರುವುದರಿಂದ ಎರಡರಲ್ಲಿ ಯಾವುದು ಸರಿ ಎಂದು ಮಗುವಿಗೆ ಒಂದು ವಾರದ ನಂತರ ಗೊತ್ತಾಗುವುದಿಲ್ಲ. ಕೊನೆಯ ಸಾಲು ಸರಿಯಾದ ಅರ್ಥಕ್ಕೆ ಮೀಸಲಿರಲಿ: ‘ಸ್ಟೇಷನ್ ಹೊರಗಿನ ತರಕಾರಿಯವಳ ಹತ್ತಿರ ಅಜ್ಜಿ ಚೌಕಾಸಿ ಮಾಡಿ ಇಪ್ಪತ್ತರ ಕೊತ್ತಂಬರಿ ಕಟ್ಟನ್ನು ಹದಿನೈದಕ್ಕೆ ಇಳಿಸಿದರು, ಮೇಲೆ ಎರಡು ಹಸಿಮೆಣಸಿನಕಾಯಿಯನ್ನೂ ಹಾಕಿಸಿಕೊಂಡರು.’

ಹಾಗೆಯೇ ಲಿಫ್ಟಿನ ಪಕ್ಕದ ಚೀಟಿ: ‘ವೀಜ ಪುರವಠಾ ಖಂಡಿತ’. ಮರಾಠಿಯಲ್ಲಿ ಕರೆಂಟು ಕಡಿತ. ಕನ್ನಡದ ಕಿವಿಗೆ ಕರೆಂಟು ಇದ್ದೇ ಇರುತ್ತದೆ ಎಂಬ ಭರವಸೆ! ಮೂಲದಲ್ಲಿ ಖಂಡಿತ ಎಂದರೆ ತುಂಡಾದದ್ದು. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡಿದರೆ ಅದು ನಮ್ಮಲ್ಲಿ ‘ಖಂಡಿತ’ವಾದ ಮಾತು. ಈ ಎಳೆಯನ್ನು ಹಿಡಿದು ಹನ್ನೆರಡರ ಮಕ್ಕಳು ತಾವೇ ಪ್ರಸಂಗ ಕಟ್ಟಬಲ್ಲರು. ಮುಂಬಯಿಯ ವಠಾರಕ್ಕೆ ‘ಚಾಳ್’ ಎನ್ನುತ್ತಾರಲ್ಲ, ಅದರ ಮೇಲೆ ಒಂದೇ ಸಾಲಿನದು ಬೇಕಿದ್ದರೆ: ‘ಚಾಳ್ ಬಿಟ್ಟು ಫ್ಲಾಟಿಗೆ ಬಂದ, ಚಾಳಿ ಮಾತ್ರ ಬಿಡಲಿಲ್ಲ.’

ಮಾತಾಡುವ ಕಾಗೆ, ಹಾರುವ ಡಬ್ಬಿ ಇಂಥ ಕಲ್ಪನೆಯ ಪ್ರಸಂಗ ಒಳ್ಳೆಯದೋ, ದಿನನಿತ್ಯದ್ದು ಒಳ್ಳೆಯದೋ ಎಂದೂ ಕೇಳಿದ್ದೀರಿ. ಎರಡೂ ಬೇಕು. ವಿಚಿತ್ರ ಚಿತ್ರಗಳು ಸಾಮಾನ್ಯ ಚಿತ್ರಗಳ ನಡುವೆ ಬಂದಾಗ ಚೆನ್ನಾಗಿ ನೆನಪಿರುತ್ತವೆ, ಬರೀ ವಿಚಿತ್ರವನ್ನೇ ಕೊಟ್ಟರೆ ಆ ಲಾಭ ಇಲ್ಲವಾಗುತ್ತದೆ ಎಂದು ಮ್ಯಾಕ್‌ಡೇನಿಯಲ್ ಮತ್ತು ಐನ್‌ಸ್ಟೈನ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ತೋರಿಸಿದ್ದಾರೆ. ಮೂರು ದಿನನಿತ್ಯದ್ದಕ್ಕೆ ಒಂದು ಕಲ್ಪನೆಯದು ಇರಲಿ. ಕಲ್ಪನೆಯದು ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಎರಡು ಅರ್ಥದ ಕ್ರಿಯಾಪದಗಳಿಗೆ. ಉಬ್ಬು, ಚುಚ್ಚು, ಪೆಚ್ಚಾಗು, ಈ ಮೂರಕ್ಕೆ ನಾವು ಬರೆದದ್ದು:

‘ಮಾಟುಂಗದ ಹೋಟೆಲೊಂದರ ಬಾಣಲೆಗೆ ಪೂರಿ ಬಿತ್ತು. ಭಟ್ಟರು “ಆಹಾ, ಎಂಥ ಬಣ್ಣ!” ಎಂದರು. ಪೂರಿ ಉಬ್ಬಿತು. ಮಾಣಿ “ಹುಣ್ಣಿಮೆ ಚಂದ್ರ!” ಎಂದ. ಇನ್ನಷ್ಟು ಉಬ್ಬಿತು. ಗಿರಾಕಿ ಏನೂ ಹೇಳಲಿಲ್ಲ, ಬೆರಳಿನಿಂದ ಚುಚ್ಚಿದ. ಪುಸ್! ಪೂರಿ ಪೆಚ್ಚಾಯಿತು. ಪಕ್ಕದ ತಟ್ಟೆಯ ಇಡ್ಲಿ ಹೇಳಿತು: “ಹೊಗಳಿಕೆಗೆ ಉಬ್ಬಿದರೆ ಹೀಗೇ ಅಕ್ಕಾ. ನಾನು ಹಬೆಗೆ ಮಾತ್ರ ಉಬ್ಬುತ್ತೇನೆ.”’

ಓದಿದ ಮೇಲೆ ‘ಉಬ್ಬು ಎಂದರೇನು?’ ಎಂದು ಕೇಳಬೇಡಿ. ‘ನಿನ್ನನ್ನು ಯಾರು ಹೊಗಳಿದರೆ ಉಬ್ಬುತ್ತೀ?’ ಎಂದು ಕೇಳಿ. ಉತ್ತರದಲ್ಲಿ ಪದ ತಾನಾಗಿ ಬರುತ್ತದೆ.

ಕನ್ನಡದ ಕ್ರಿಯಾಪದ ರೂಪ ಬದಲಿಸುತ್ತದೆ ಎಂಬುದು ಬರೆಯುವಾಗ ಮರೆತುಹೋಗುವ ಸಂಗತಿ. ‘ಕೀಳು’ ಗೊತ್ತಿರುವ ಮಗುವಿಗೆ ‘ಹಲ್ಲು ಕಿತ್ತರು’ ಎಂಬಲ್ಲಿ ಅದೇ ಪದವಿದೆ ಎಂದು ಹೊಳೆಯುವುದಿಲ್ಲ. ಅದಕ್ಕೇ ಮುಖ್ಯ ಪದ ಕನಿಷ್ಠ ಮೂರು ಬಾರಿ, ಬೇರೆಬೇರೆ ರೂಪದಲ್ಲಿ ಬರಲಿ. ಮೇಲಿನ ಮಾವನ ಕಥೆಯಲ್ಲಿ ತೂಕಡಿಸತೊಡಗಿದರು, ತೂಕಡಿಕೆ, ತೂಕಡಿಸೋದು ಎಂದು ಬಂದಿರುವುದು ಬೇಕೆಂದೇ.

ಇನ್ನು ಭಾನುವಾರದಿಂದ ಭಾನುವಾರಕ್ಕೆ ಏಳು ದಿನದ ಅಂತರ. ಕಲಿತದ್ದರಲ್ಲಿ ಬಹುಪಾಲು ಮರೆಯುವುದು ಮೊದಲ ಒಂದೆರಡು ದಿನಗಳಲ್ಲಿ. ಭಾನುವಾರ ರಾತ್ರಿ ಊಟದ ಹೊತ್ತಿಗೆ ಮಗು ಮನೆಯಲ್ಲಿ ಒಬ್ಬರಿಗೆ ಆ ಪ್ರಸಂಗ ಹೇಳಲಿ. ಬುಧವಾರ ತಾಯಂದಿರ ವಾಟ್ಸಾಪ್ ಗುಂಪಿಗೆ ನಿಮ್ಮ ದನಿಯಲ್ಲೇ ಇಪ್ಪತ್ತು ಸೆಕೆಂಡಿನ ತುಣುಕು ಕಳಿಸಿ, ಕೊನೆಯ ಪದ ಹೇಳದೆ ನಿಲ್ಲಿಸಿ: ‘ಗಿರಾಕಿ ಚುಚ್ಚಿದ, ಪೂರಿ...’ ಮಕ್ಕಳು ಉತ್ತರವನ್ನು ಬಾಯಿಂದಲೇ ಹೇಳಿ ಕಳಿಸಲಿ. ಮುಂದಿನ ಭಾನುವಾರ ಹೊಸದನ್ನು ಶುರು ಮಾಡುವ ಮುನ್ನ ಹಳೆಯದನ್ನು ಒಮ್ಮೆ, ತಿಂಗಳ ಕೊನೆಗೆ ನಾಲ್ಕನ್ನೂ ಒಮ್ಮೆ ಹೇಳಿಸಿ. ಇದಕ್ಕೆ ಹತ್ತು ನಿಮಿಷ ಸಾಕು.

ಒಂಬತ್ತರಲ್ಲಿ ನಾಲ್ವರ ಮನೆಮಾತು ತುಳು, ಇಬ್ಬರದು ಕಲಬುರಗಿ ಕಡೆಯ ಕನ್ನಡ, ಯಾವ ಕನ್ನಡದಲ್ಲಿ ಬರೆಯಲಿ ಎಂದಿದ್ದೀರಿ. ನಿರೂಪಣೆ ಪುಸ್ತಕದ ಕನ್ನಡದಲ್ಲಿರಲಿ, ಪಾತ್ರಗಳ ಮಾತು ಮಕ್ಕಳ ಮನೆಯದಾಗಿರಲಿ. ತುಳು ಮನೆಯ ಅಜ್ಜಿ ತುಳುವಿನಲ್ಲೇ ಒಂದು ಮಾತು ಬೈದರೂ ಕನ್ನಡಕ್ಕೆ ನಷ್ಟವಿಲ್ಲ. ತರಗತಿಯ ಯಾವ ಮಗುವನ್ನೂ ಪ್ರಸಂಗದಲ್ಲಿ ನಗೆಪಾಟಲು ಮಾಡಬೇಡಿ, ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇವೆ. ಅಂದು ನಗುವಿಗೆ ಈಡಾದ ಮಗು ಮುಂದಿನ ವಾರ ಬಾಯಿ ಬಿಡುವುದಿಲ್ಲ. ಪೇಚಿಗೆ ಸಿಲುಕುವವರು ಮಾವ, ಅಜ್ಜಿ, ಪೂರಿ, ಕಾಗೆ ಆಗಿರಲಿ.

ಮಕ್ಕಳಿಂದಲೇ ಬರೆಸಬಹುದೇ ಎಂಬ ಕೊನೆಯ ಪ್ರಶ್ನೆ ಓದಿ ಖುಷಿಯಾಯಿತು. ಎರಡು ತಿಂಗಳಾದ ಮೇಲೆ ಶುರು ಮಾಡಿ. ಮೂರು ಪದ, ಒಂದು ಜಾಗ ಕೊಡಿ: ಪ್ಲಾಟ್‌ಫಾರ್ಮ್, ವಾಚ್‌ಮನ್ನನ ಕುರ್ಚಿ, ಗಣಪತಿ ಮಂಟಪ, ಹಿಟ್ಟಿನ ಗಿರಣಿ. ನಿಯಮ ಒಂದೇ, ಕೊನೆಯ ಸಾಲಿನಲ್ಲಿ ಮೂರರಲ್ಲಿ ಒಂದು ಪದ ಇರಬೇಕು. ಬರೆದದ್ದನ್ನು ನಮಗೆ ಕಳಿಸಿ. ಕಾಗುಣಿತ ನೀವು ತಿದ್ದಬೇಡಿ, ಮಕ್ಕಳ ಕೈಬರಹದಲ್ಲಿ ಹೇಗಿದೆಯೋ ಹಾಗೆಯೇ ಬರಲಿ. ಮಕ್ಕಳ ಪುಟದಲ್ಲಿ ಅರ್ಧ ಕಾಲಂ ಜಾಗ ಕಾದಿರಿಸಿದ್ದೇವೆ.